ನಾಲ್ಕು ಗ್ರಾಂ

ಒಂದು ಕಿಲೋ ನಾಲ್ಕು ಗ್ರಾಂ, ಅಂದರು ಜೋಸೆಫಿನ್ ಮೇಡಂ,
ತಕ್ಕಡಿಯ ಕೆಂಪು ಅಂಕಿಯತ್ತ ಕನ್ನಡಕ ಬಗ್ಗಿಸಿ.
ನಾಲ್ಕು ಗ್ರಾಮಿಗೆ ಮುಂದಿನ ಮೆಟ್ಟಿಲು.
ಮುಂದಿನ ಮೆಟ್ಟಿಲಿಗೆ ನಲವತ್ತು ರೂಪಾಯಿ.
ನನ್ನ ಲಾಭ ಮೂವತ್ತೈದು.

ನಾನು ಮಾರುವುದು ಕುಟ್ಟಾಣಿ.
ಹಿತ್ತಾಳೆಯದು, ಹಲ್ಲು ಹೋದವರು ಎಲೆಅಡಿಕೆ ಕುಟ್ಟಿಕೊಳ್ಳುವುದು.
ಪಕ್ಕಕ್ಕೊಂದು ವೀಳ್ಯದೆಲೆ ಇಟ್ಟು ಫೋನಿನಲ್ಲಿ ಫೋಟೋ ಹಾಕುತ್ತೇನೆ.
ಬೀದರಿನಿಂದ ಕೇಳುತ್ತಾರೆ, ಕುಮಟೆಯಿಂದ ಕೇಳುತ್ತಾರೆ,
ಅಂಚೆ ಖರ್ಚು ಹೇಳಿದ ಕೂಡಲೇ
ಆಮೇಲೆ ಹೇಳ್ತೀನಿ ಅನ್ನುತ್ತಾರೆ.
ಆಮೇಲೆ ಎಂಬ ಊರಿಗೆ
ನಾನು ಇದುವರೆಗೆ ಒಂದು ಪಾರ್ಸಲ್ಲೂ ಕಳಿಸಿಲ್ಲ.

ಹೋದ ಯುಗಾದಿಗೆ ಒಂದು ದರ, ಗೌರಿಹಬ್ಬಕ್ಕೆ ಇನ್ನೊಂದು.
ಕೊರಿಯರ್ ಹುಡುಗ ಪೆಟ್ರೋಲು ಅಂತಾನೆ,
ಅವನ ಕಂಪನಿ ವಾಲ್ಯೂಮೆಟ್ರಿಕ್ ಅನ್ನುತ್ತೆ,
ಅಂದರೆ ಡಬ್ಬದೊಳಗಿನ ಗಾಳಿಗೂ ಕಾಸು.
ಮೂಗಿಗಿಂತ ಮೂಗುತಿ ಭಾರ ಅನ್ನುತ್ತಿದ್ದಳು ನಮ್ಮಮ್ಮ.
ಅವಳು ಪಿನ್‌ಕೋಡ್ ನೋಡಿರಲಿಲ್ಲ.

ಜಾಲಿ ಮೊಹಲ್ಲಾದ ಗಲ್ಲಿಯಲ್ಲಿ, ಲೇತಿನ ಮುಂದೆ ಕೂತ
ಮಕ್ಬೂಲ್ ಸಾಬರಿಗೆ ಹೇಳಿದೆ:
ಕೊಂಚ ತೆಳ್ಳಗೆ ಮಾಡಿ, ನೂರು ಗ್ರಾಂ ಇಳಿಸಿ.
ಮಾಡಿದರು. ಅವರೇ ಒಂದು ಅಡಿಕೆ ಹಾಕಿ ಕುಟ್ಟಿದರು.
ಅಡಿಕೆ ಚಿಮ್ಮಿ ಲೇತಿನ ಕೆಳಗೆ ಹೋಯಿತು.
"ನೋಡಮ್ಮ, ಹಗುರ ಕುಟ್ಟಾಣಿ ಅಡಿಕೇನ ಒಡೆಯಲ್ಲ,
ಹೆದರಿಸುತ್ತೆ ಅಷ್ಟೆ."
ಆ ಒಂದು ಪೀಸು ನಮ್ಮನೆ ಕಿಟಕಿಯಲ್ಲಿದೆ. ಪೆನ್ನು ಇಡುತ್ತೇನೆ.

ಹಾಗಾಗಿ ಕುಟ್ಟಾಣಿಯೊಂದನ್ನು ಬಿಟ್ಟು ಉಳಿದದ್ದೆಲ್ಲ ಇಳಿಸಿದೆ.
ಮೆಡಿಕಲ್ ಶಾಪಿನ ಗಟ್ಟಿ ಪೆಟ್ಟಿಗೆ ಹೋಗಿ
ಟಾನಿಕ್ಕಿನ ತೆಳು ಡಬ್ಬ ಬಂತು.
ಹಳೇ ಪೇಪರು ಭಾರ; ಭಾನುವಾರದ ಪುರವಣಿ ಇನ್ನೂ ಭಾರ.
ದರ್ಜಿ ಅಂಗಡಿಯ ಚೂರುಬಟ್ಟೆ ಆಯ್ದು ತಂದು ತುಂಬಿದೆ.
ಕಲಬುರಗಿಯ ಒಬ್ಬರು ಬರೆದರು,
ಬಟ್ಟೆಚೂರು ಚೆನ್ನಾಗಿದೆ, ಇನ್ನಷ್ಟಿದ್ದರೆ ಕಳಿಸಿ.
ಮುಂಚೆ ಒಂದು ಕಾಗದ ಇಡುತ್ತಿದ್ದೆ:
ಹುಣಿಸೆಹಣ್ಣಿನಲ್ಲಿ ತಿಕ್ಕಿ, ಒದ್ದೆ ಬಿಡಬೇಡಿ, ಇಂತಿ ಪಂಕಜಾಕ್ಷಿ.
ಈಗ ಅದನ್ನೇ ಡಬ್ಬದ ಒಳಮೈಗೆ ಬರೆಯುತ್ತೇನೆ.
ಶಾಯಿಗೆ ತೂಕವಿಲ್ಲ ಅಂತ ನಂಬಿದ್ದೇನೆ.

ಶ್ರೀರಾಮಪುರದಿಂದ ಮಲ್ಲೇಶ್ವರಕ್ಕೆ ನಡೆದೇ ಬರುತ್ತೇನೆ.
ನನಗೆ ಬಸ್ಸು ಪುಕ್ಕಟೆ; ಮೂಟೆಗೆ ಟಿಕೆಟ್ಟು ಕೇಳಿದ ಕಂಡಕ್ಟರು.
ಹೊರಡುವಾಗ ಅಡಿಗೆಮನೆಯ ತಕ್ಕಡಿ ಒಂಬೈನೂರ ತೊಂಬತ್ತಾರು ಅಂದಿತ್ತು.
ಅದಕ್ಕೆ ನನ್ನ ಮೇಲೆ ಪ್ರೀತಿ.
ಸರ್ಕಾರದ ತಕ್ಕಡಿಗೆ ಯಾರ ಹಂಗು?

ಒಂದನ್ನು ಮಾತ್ರ ತೆಗೆದಿರಲಿಲ್ಲ.
ಬರಿ ಮೊರ ಕೊಡಬಾರದು, ಬರಿ ಕುಟ್ಟಾಣಿಯೂ ಕೊಡಬಾರದು.
ಒಳಗೊಂದು ಬಟ್ಟಲಡಿಕೆ ಹಾಕಿಯೇ ಮುಚ್ಚುತ್ತಿದ್ದೆ.

ಹಿಂದೆ ಸಾಲು ಬೆಳೆದಿತ್ತು.
ಪಾಸ್‌ಬುಕ್ಕು ಬೀಸಿಕೊಳ್ಳುತ್ತ ಒಬ್ಬ ಮುದುಕರು,
ನನ್ನ ಹಾಗೇ ಚೀಲ ಹಿಡಿದ ಇನ್ನಿಬ್ಬರು.
ಒಬ್ಬಳದು ಕಾಗದದ ಕಿವಿಯೋಲೆ, ಪುಣ್ಯವಂತೆ.
ಇನ್ನೊಬ್ಬನದು ಹಳೇ ನಿಘಂಟು, ಪಾಪ.

ಜೋಸೆಫಿನ್ ಮೇಡಂ ಏನೂ ಹೇಳದೆ
ಡ್ರಾಯರಿನಿಂದ ಬ್ಲೇಡು ತೆಗೆದು ಚಾಚಿದರು.
ಟೇಪು ಸೀಳಿದೆ. ಅಡಿಕೆ ತೆಗೆದು ಕೌಂಟರಿನ ಮೇಲಿಟ್ಟೆ.
ಮತ್ತೆ ಟೇಪು, ಈ ಸಲ ಒಂದೇ ಸುತ್ತು.
ಒಂಬೈನೂರ ತೊಂಬತ್ತೊಂಬತ್ತು.
ಠಪ್ಪಂತ ಮುದ್ರೆ ಬಿತ್ತು.

"ಇದು?" ಅಂದರು, ಅಡಿಕೆ ತೋರಿಸಿ.
ದಾವಣಗೆರೆಗೆ ಹೋಗಬೇಕಿದ್ದದ್ದು, ಅಂದೆ.
ಎರಡು ಬೆರಳಲ್ಲಿ ಎತ್ತಿ ಬಾಯಿಗೆ ಹಾಕಿಕೊಂಡರು,
ಎಡ ದವಡೆಗೆ, ಅಲ್ಲಿಂದ ಬಲಕ್ಕೆ.
ಕಟಂ ಅಂದಿತು.
"ಮುಂದಿನವರು," ಅಂದರು.
ನಿಘಂಟು ಮುಂದೆ ಬಂತು.